ಹುಡುಗ ಸ್ಟಿಕ್ ಬೀಸಿದರೆ ಕೋಚ್‌ಗೂ ಶಿಕ್ಷೆ ಆಗಬೇಕಾ?

ಗೋಣಿಕೊಪ್ಪಲಿನ ತಂದೆ:
ಹಾಕಿ ಬಲ್ಲವರು, ಮಕ್ಕಳನ್ನು ಆಟಕ್ಕೆ ಕಳಿಸುವವರು ದಯವಿಟ್ಟು ಅಭಿಪ್ರಾಯ ಹೇಳಿ.

ಹೋದ ತಿಂಗಳು ನಮ್ಮ ತಾಲ್ಲೂಕಿನಲ್ಲಿ 17 ವರ್ಷದೊಳಗಿನ ಹುಡುಗರ ಹಾಕಿ ಟೂರ್ನಮೆಂಟ್ ನಡೆಯಿತು. ಸೆಮಿಫೈನಲ್‌ನಲ್ಲಿ ನನ್ನ ಮಗನ ತಂಡ ಒಂದು ಗೋಲಿನಿಂದ ಸೋತಿತು. ಕೊನೆಯ ಸೀಟಿ ಆಗಿ, ಎರಡೂ ತಂಡದವರು ಕೈ ಕುಲುಕಲು ಸಾಲಾಗಿ ಹೋಗುವಾಗ ನಮ್ಮ ತಂಡದ ಒಬ್ಬ ಎದುರು ತಂಡದವನ ಮೊಣಕಾಲಿಗೆ ಸ್ಟಿಕ್ ಬೀಸಿದ. ಆ ಮಗುವಿಗೆ ಜೋರಾಗಿಯೇ ಪೆಟ್ಟು ಬಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಡೆದವನು ಒಂದು ವರ್ಷ ಆಡುವಂತಿಲ್ಲ ಎಂದು ಸಂಘಟಕರು ಹೇಳಿದರು. ಅದು ಸರಿಯಾದ ಶಿಕ್ಷೆ.

ಆದರೆ ಕೋಚ್‌ಗೂ ಒಂದು ವರ್ಷ ಹಾಕಿದ್ದಾರೆ! ಅವರು ಆ ಹೊತ್ತಿಗೆ ಮೈದಾನದ ಪಕ್ಕ ಅಧಿಕಾರಿಗಳು ಕೂರುವ ಟೆಕ್ನಿಕಲ್ ಟೇಬಲ್ ಹತ್ತಿರ ಮ್ಯಾಚ್ ಶೀಟ್‌ಗೆ ಸಹಿ ಹಾಕುತ್ತಿದ್ದರು. ಮೈದಾನದ ಕಡೆಗೆ ಅವರ ಬೆನ್ನಿತ್ತು. ಪತ್ರದಲ್ಲಿ ಬರೆದಿರುವುದು ಒಂದೇ ಸಾಲು: ತಂಡದ ಶಿಸ್ತಿಗೆ ಕೋಚ್ ಹೊಣೆ. ಅವರನ್ನು ಕರೆದು ಕೇಳಿಲ್ಲ, ವಿಚಾರಣೆ ಮಾಡಿಲ್ಲ. ಈಗ ಬೆಳಗಿನ ಪ್ರಾಕ್ಟೀಸ್ ನಿಂತಿದೆ. ಏನೂ ತಪ್ಪು ಮಾಡದ ಮಕ್ಕಳೆಲ್ಲ ಮನೆಯಲ್ಲಿ ಕೂತಿದ್ದಾರೆ.

ಇದು ನ್ಯಾಯವಾ?

ಹಳೇ ಫುಲ್‌ಬ್ಯಾಕ್:
ನ್ಯಾಯವೇ. ಕಪ್ ಗೆದ್ದ ದಿನ ಮೊದಲ ಹಾರ ಯಾರ ಕೊರಳಿಗೆ ಬೀಳುತ್ತದೆ? ಪೇಪರಿನಲ್ಲಿ ಯಾರ ಹೆಸರು ಬರುತ್ತದೆ? ಗೆಲುವಿಗೆ ಕೋಚ್ ಕಾರಣ ಆದರೆ ಇದಕ್ಕೂ ಕೋಚ್ ಕಾರಣ. ಒಳ್ಳೆಯದು ಮಾತ್ರ ನನ್ನದು ಅಂದರೆ ಆಗುವುದಿಲ್ಲ.

ಕಾಫಿ ಹೂವು:
ಹುಡುಗ ಪರೀಕ್ಷೆಯಲ್ಲಿ ಕಾಪಿ ಹೊಡೆದರೆ ಮೇಷ್ಟ್ರನ್ನೂ ಡಿಬಾರ್ ಮಾಡುತ್ತೀರಾ?

ಹಳೇ ಫುಲ್‌ಬ್ಯಾಕ್:
@ಕಾಫಿ ಹೂವು, ಚೀಟಿ ಬರೆದು ಕೊಟ್ಟಿದ್ದು ಮೇಷ್ಟ್ರೇ ಆಗಿದ್ದರೆ ಖಂಡಿತ ಮಾಡಬೇಕು.

ಕಾಫಿ ಹೂವು:
ಇಲ್ಲಿ ಚೀಟಿ ಬರೆದುಕೊಟ್ಟಿದ್ದಾರೆ ಅಂತ ಯಾರು ಹೇಳಿದರು ಅಣ್ಣ? ಬೆನ್ನು ಮಾಡಿ ನಿಂತಿದ್ದರು ಅಂತ ಬರೆದಿದ್ದಾರಲ್ಲ.

ಸೀಟಿ ಹಿಡಿದವನು:
ನಾನು ಜಿಲ್ಲೆಯ ಟೂರ್ನಮೆಂಟ್‌ಗಳಲ್ಲಿ ಅಂಪೈರಿಂಗ್ ಮಾಡುತ್ತೇನೆ. ಆ ಮ್ಯಾಚ್‌ನಲ್ಲಿ ಇರಲಿಲ್ಲ. ನಿಯಮ ಏನು ಹೇಳುತ್ತದೆ ಅಂತ ಮಾತ್ರ ಹೇಳುತ್ತೇನೆ, ಯಾಕೆಂದರೆ ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ನಿಯಮ ಪುಸ್ತಕದಲ್ಲಿ ತಂಡದ ಆಟಗಾರರ ನಡತೆಗೆ ಹೊಣೆ ಕ್ಯಾಪ್ಟನ್. ಅದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಕ್ಯಾಪ್ಟನ್ ಆ ಹೊಣೆ ನಿಭಾಯಿಸದಿದ್ದರೆ ಅವನಿಗೇ ಕಾರ್ಡ್ ಕೊಡಬಹುದು. ಹಸಿರು ಕಾರ್ಡ್ ಆದರೆ ಎರಡು ನಿಮಿಷ ಹೊರಗೆ, ಹಳದಿ ಆದರೆ ಕನಿಷ್ಠ ಐದು ನಿಮಿಷ, ಕೆಂಪು ಆದರೆ ಆ ಮ್ಯಾಚೇ ಮುಗಿಯಿತು. ಅಷ್ಟು ಹೊತ್ತೂ ತಂಡ ಒಬ್ಬ ಕಡಿಮೆ ಇಟ್ಟುಕೊಂಡು ಆಡಬೇಕು. ಅಂದರೆ ಒಬ್ಬನ ತಪ್ಪಿಗೆ ಇಡೀ ತಂಡ ಬೆಲೆ ಕಟ್ಟುವುದು ಹಾಕಿಯಲ್ಲಿ ಮೊದಲಿಂದಲೂ ಇದೆ.

ಫುಟ್‌ಬಾಲ್‌ನವರು ಕೋಚ್ ಕಡೆಗೆ ಇನ್ನೊಂದು ಹೆಜ್ಜೆ ಇಟ್ಟಿದ್ದಾರೆ. 2019ರಿಂದ ಬೆಂಚಿನಲ್ಲಿರುವ ಕೋಚ್, ಮ್ಯಾನೇಜರ್‌ಗಳಿಗೂ ಹಳದಿ, ಕೆಂಪು ಕಾರ್ಡ್ ತೋರಿಸುತ್ತಾರೆ. ಬೆಂಚಿನಿಂದ ಯಾರೋ ಕೆಟ್ಟದಾಗಿ ಕೂಗಿದರು, ಯಾರು ಅಂತ ಗೊತ್ತಾಗಲಿಲ್ಲ ಅಂದುಕೊಳ್ಳಿ. ಆಗ ಅಲ್ಲಿರುವ ಹಿರಿಯ ಕೋಚ್‌ಗೆ ಕಾರ್ಡ್. ಆದರೆ ಗಮನಿಸಿ, ಅದು ಬೆಂಚಿನ ಮಾತು. ಮೈದಾನದ ಒಳಗೆ ಆಟಗಾರ ಒದ್ದರೆ ಕಾರ್ಡ್ ಆಟಗಾರನಿಗೇ.

ಮಡಿಕೇರಿ ಮಂಜು:
ಕ್ಯಾಪ್ಟನ್ ಹೊಣೆ ಅಂದರೆ ಹದಿನಾರು ವರ್ಷದ ಇನ್ನೊಬ್ಬ ಹುಡುಗ ಹೊಣೆ ಅಂತಾಯಿತು. ಅವನ ಮಾತನ್ನು ಯಾರು ಕೇಳುತ್ತಾರೆ ಸರ್? ದೊಡ್ಡವರ ಆಟಕ್ಕೆ ಬರೆದ ನಿಯಮ ಅದು. ಮಕ್ಕಳ ತಂಡಕ್ಕೆ ದೊಡ್ಡವರೊಬ್ಬರು ಹೊಣೆ ಇರಲೇಬೇಕು.

ಕುಶಾಲನಗರ ಸ್ಪಿನ್ನರ್:
ಕ್ರಿಕೆಟ್‌ನಲ್ಲಿ ನೋಡಿ. 2018ರಲ್ಲಿ ಕೇಪ್‌ಟೌನ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದವರು ಚೆಂಡಿಗೆ ಸ್ಯಾಂಡ್‌ಪೇಪರ್ ಉಜ್ಜಿದರು. ಸ್ಮಿತ್, ವಾರ್ನರ್‌ಗೆ ಒಂದು ವರ್ಷ, ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳು. ಕೋಚ್ ಲೀಮನ್‌ರನ್ನೂ ಮನೆಗೆ ಕಳಿಸಿದರು. ಕೋಚ್ ತಪ್ಪಿಸಿಕೊಳ್ಳಲು ಆಗಲಿಲ್ಲ.

ವಿರಾಜಪೇಟೆ ವಕೀಲ:
@ಕುಶಾಲನಗರ ಸ್ಪಿನ್ನರ್, ಕಳಿಸಲಿಲ್ಲ. ಲೀಮನ್‌ಗೆ ಮೊದಲೇ ಗೊತ್ತಿರಲಿಲ್ಲ ಅಂತಲೇ ಅಲ್ಲಿನ ಮಂಡಳಿ ಹೇಳಿತು. ಅವರಿಗೆ ಶಿಕ್ಷೆ ಆಗಲಿಲ್ಲ. ಅವರೇ ರಾಜೀನಾಮೆ ಕೊಟ್ಟರು. ಈ ವ್ಯತ್ಯಾಸ ಸಣ್ಣದಲ್ಲ, ನಾವು ಮಾತಾಡುತ್ತಿರುವುದೇ ಅದರ ಬಗ್ಗೆ. ನೈತಿಕ ಹೊಣೆ ಅಂತ ತಾನಾಗಿ ಹೊರಗೆ ಹೋಗುವುದು ಬೇರೆ. ತಪ್ಪಿತಸ್ಥ ಅಂತ ಹೊರಗೆ ಹಾಕಿಸಿಕೊಳ್ಳುವುದು ಬೇರೆ.

ನನ್ನ ಲೆಕ್ಕದಲ್ಲಿ ಕೇಳಬೇಕಾದ್ದು ಇಷ್ಟು. ಕೋಚ್ ಹೇಳಿ ಮಾಡಿಸಿದರಾ? ಗೊತ್ತಿದ್ದೂ ಸುಮ್ನೆ ಇದ್ದರಾ? ಗೊತ್ತಾಗಬೇಕಿತ್ತು, ಆದರೆ ನೋಡಲಿಲ್ಲವಾ? ಅಥವಾ ಅವರ ಕೈಯಲ್ಲಿ ಏನೂ ಇರಲಿಲ್ಲವಾ?

ಹೇಳಿ ಮಾಡಿಸಿದ್ದಕ್ಕೆ ಇಂಗ್ಲೆಂಡಿನ ರಗ್ಬಿಯಲ್ಲಿ ಒಂದು ದೊಡ್ಡ ಕೇಸ್ ಇದೆ. 2009ರಲ್ಲಿ ಹಾರ್ಲೆಕ್ವಿನ್ಸ್ ತಂಡದ ಆಟಗಾರನೊಬ್ಬ ಬಾಯಲ್ಲಿ ನಕಲಿ ರಕ್ತದ ಕ್ಯಾಪ್ಸೂಲ್ ಕಚ್ಚಿ ಗಾಯದ ನಾಟಕ ಆಡಿದ. ಆ ನೆಪದಲ್ಲಿ ಬೇರೆಯವನನ್ನು ಒಳಗೆ ತರುವ ಉಪಾಯ. ವಿಚಾರಣೆ ಕೊನೆಗೆ ಆಟಗಾರನ ಶಿಕ್ಷೆ ನಾಲ್ಕು ತಿಂಗಳಿಗೆ ಇಳಿಯಿತು. ತಂಡದ ನಿರ್ದೇಶಕ ಡೀನ್ ರಿಚರ್ಡ್ಸ್‌ಗೆ ಮೂರು ವರ್ಷ ನಿಷೇಧ! ಯಾಕೆಂದರೆ ಸಂಚು ಮೇಲಿನಿಂದ ಬಂದಿತ್ತು ಅಂತ ಸಾಬೀತಾಯಿತು.

ಅಮೆರಿಕದ ಫುಟ್‌ಬಾಲ್‌ನಲ್ಲೂ 2012ರಲ್ಲಿ ಹೀಗೇ ಆಯಿತು. ಎದುರಾಳಿಗೆ ಪೆಟ್ಟು ಮಾಡಿದರೆ ಬಹುಮಾನದ ದುಡ್ಡು ಅನ್ನುವ ಪದ್ಧತಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಲ್ಲಿತ್ತು. ಹೆಡ್ ಕೋಚ್ ಶಾನ್ ಪೇಟನ್ ಇಡೀ ಸೀಸನ್ ಹೊರಗೆ ಕೂತರು. ಆಟಗಾರರಿಗೆ ಹಾಕಿದ್ದ ನಿಷೇಧ ಮಾತ್ರ ಮೇಲ್ಮನವಿಯಲ್ಲಿ ರದ್ದಾಯಿತು.

ಹೀಗಾಗಿ ಕೋಚ್‌ಗೆ ಶಿಕ್ಷೆ ಕೊಡಬಾರದು ಅಂತ ನಾನು ಹೇಳುವುದಿಲ್ಲ. ಆಟಗಾರನಿಗಿಂತ ಜಾಸ್ತಿಯೂ ಕೊಡಬಹುದು. ಆದರೆ ಕೋಚ್ ಏನು ಮಾಡಿದರು ಅಂತ ಮೊದಲು ತೋರಿಸಿ.

ಹಳೇ ಫುಲ್‌ಬ್ಯಾಕ್:
ವಕೀಲರೇ, ಕೋರ್ಟಿನಲ್ಲಿ ಸಾಕ್ಷಿ ಕೇಳಿದ ಹಾಗೆ ಮೈದಾನದಲ್ಲಿ ಕೇಳಿದರೆ ಯಾವ ಕೋಚೂ ಸಿಕ್ಕಿಬೀಳುವುದಿಲ್ಲ. ಯಾರೂ "ಹೋಗಿ ಹೊಡಿ" ಅಂತ ಬರೆದು ಕೊಡುವುದಿಲ್ಲ. ಸೈಡ್‌ಲೈನ್‌ನಿಂದ "ಬಿಡಬೇಡ ಅವನನ್ನ" ಅಂತ ಕೂಗಿದರೆ ಸಾಕು, ಹುಡುಗರಿಗೆ ಅರ್ಥ ಆಗುತ್ತದೆ.

ಹಾಸ್ಟೆಲ್ ಹುಡುಗಿ:
ಅಂಕಲ್ ಹೇಳಿದ್ದು ನಿಜ. ನಾನು ಕ್ರೀಡಾ ಹಾಸ್ಟೆಲ್‌ನಲ್ಲಿ ಓದಿದವಳು. ಯಾವುದು ಅಂತ ಬರೆಯುವುದಿಲ್ಲ.

ನಮಗೆ ಒಬ್ಬ ಕೋಚ್ ಇದ್ದರು. ಆಟ ಚೆನ್ನಾಗಿ ಕಲಿಸುತ್ತಿದ್ದರು. ಆದರೆ ಎದುರು ತಂಡದಲ್ಲಿ ಒಳ್ಳೆಯ ಫಾರ್ವರ್ಡ್ ಇದ್ದರೆ "ಶುರುವಲ್ಲೇ ಅವಳಿಗೆ ಒಂದು ರುಚಿ ತೋರಿಸು" ಅನ್ನುತ್ತಿದ್ದರು. ನಮಗೆ ಆಗ ಹದಿನಾಲ್ಕೋ ಹದಿನೈದೋ. ರುಚಿ ತೋರಿಸುವುದು ಅಂದರೆ ಪಾದದ ಮೇಲೆ ಸ್ಟಿಕ್ ಬಿಡುವುದು ಅಂತ ಎಲ್ಲರಿಗೂ ಗೊತ್ತಿತ್ತು. ಅದು ತಪ್ಪು ಅಂತ ಯಾರಿಗೂ ಅನಿಸಲಿಲ್ಲ. ಕೋಚ್ ಹೇಳಿದ್ದು ಅಲ್ವಾ, ಸರಿಯೇ ಇರಬೇಕು ಅಂತ ಮಾಡುತ್ತಿದ್ದೆವು. ಕಾರ್ಡ್ ಬಿದ್ದದ್ದು ನಮಗೆ. ಅವರಿಗೆ ಒಂದು ಮಾತೂ ಬರಲಿಲ್ಲ.

ಆಮೇಲೆ ಇನ್ನೊಬ್ಬರು ಬಂದರು. ಮೇಡಂ. ಒಂದು ಫೈನಲ್‌ನಲ್ಲಿ ನಮ್ಮ ಸೆಂಟರ್ ಹಾಫ್ ಅಂಪೈರ್‌ಗೆ ಕೆಟ್ಟ ಮಾತು ಆಡಿದಳು. ಅಂಪೈರ್‌ಗೆ ಕೇಳಿಸಿರಲಿಲ್ಲ, ಮೇಡಂಗೆ ಕೇಳಿಸಿತು. ತಕ್ಷಣ ಹೊರಗೆ ಕರೆದರು, ಮತ್ತೆ ಒಳಗೆ ಬಿಡಲೇ ಇಲ್ಲ. ನಾವು ಸೋತೆವು. ಬಸ್ಸಿನಲ್ಲಿ ಯಾರೂ ಮೇಡಂ ಜೊತೆ ಮಾತಾಡಲಿಲ್ಲ. ಮೇಲಿನವರಿಂದ ಅವರಿಗೆ ಬೈಗುಳವೂ ಸಿಕ್ಕಿತು, ಕಪ್ ಬಿಟ್ಟುಕೊಟ್ಟಿರಿ ಅಂತ. ಇವತ್ತು ನಾನು ಮಕ್ಕಳಿಗೆ ಆಟ ಕಲಿಸುವಾಗ ನೆನಪಿಸಿಕೊಳ್ಳುವುದು ಅವರನ್ನೇ.

ಕೋಚ್‌ಗೆ ಶಿಕ್ಷೆ ಬೇಕಾ ಅಂತ ಕೇಳುತ್ತೀರಿ. ಸರಿಯಾಗಿ ನಡೆದುಕೊಂಡ ಕೋಚ್‌ಗೆ ಬೈಯುವುದನ್ನು ಮೊದಲು ನಿಲ್ಲಿಸಿ.

ಕಾಫಿ ಹೂವು:
@ಹಾಸ್ಟೆಲ್ ಹುಡುಗಿ, ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್ ಕಣಮ್ಮ.

ಪಿ.ಟಿ. ಟೀಚರ್, ಸೋಮವಾರಪೇಟೆ:
ನಮ್ಮ ಕಡೆಯ ಮಾತನ್ನೂ ಸ್ವಲ್ಪ ಕೇಳಿ.

ಇಡೀ ಶಾಲೆಗೆ ನಾನೊಬ್ಬನೇ ಪಿ.ಟಿ. ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್, ಅಥ್ಲೆಟಿಕ್ಸ್, ಹಾಕಿ ಎಲ್ಲಾ ನನ್ನ ತಲೆ ಮೇಲೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಕ್ಕಳು ನನ್ನ ಜೊತೆ ಇರುತ್ತಾರೆ. ಉಳಿದ ಹೊತ್ತು? ಮನೆಯಲ್ಲಿ ಅಪ್ಪ ಅಮ್ಮನ ಜೊತೆ, ಮೊಬೈಲ್ ಜೊತೆ, ಗೆಳೆಯರ ಜೊತೆ. ಆ ಎರಡು ಗಂಟೆಯವನು ಇಡೀ ನಡತೆಗೆ ಜಾಮೀನು ಕೊಡಬೇಕು ಅಂದರೆ ಹೇಗೆ?

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಯೋಚಿಸುವುದಿಲ್ಲ. ಹುಡುಗ ತಪ್ಪು ಮಾಡಿದರೆ ಕೋಚ್‌ಗೂ ಒಂದು ವರ್ಷ ಅಂತ ಆದರೆ ನಾವು ಏನು ಮಾಡುತ್ತೇವೆ? ಸಿಟ್ಟಿನ ಹುಡುಗರನ್ನು ತಂಡಕ್ಕೇ ಸೇರಿಸಿಕೊಳ್ಳುವುದಿಲ್ಲ. ಮನೆಯಲ್ಲಿ ತೊಂದರೆ ಇರುವವನು, ಬೇಗ ಕೈ ಎತ್ತುವವನು, ಮೊದಲು ಅವನ ಹೆಸರೇ ಪಟ್ಟಿಯಿಂದ ಹೋಗುತ್ತದೆ. ಆದರೆ ಆಟ ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದು ಅವನಿಗೇ. ಎಷ್ಟೋ ಹುಡುಗರು ಮೈದಾನಕ್ಕೆ ಬಂದ ಮೇಲೆ ಸರಿ ಹೋಗಿದ್ದನ್ನು ನಾನು ನೋಡಿದ್ದೇನೆ. ಅವರನ್ನು ಹೊರಗೆ ಹಾಕಿ ಕೋಚ್ ತನ್ನ ಕೆಲಸ ಉಳಿಸಿಕೊಳ್ಳುತ್ತಾನೆ. ಇದು ಬೇಕಾ ನಿಮಗೆ?

ಮಡಿಕೇರಿ ಮಂಜು:
ಟೀಚರ್ ಹೇಳಿದ್ದರಲ್ಲಿ ಅರ್ಥ ಇದೆ. ಆದರೂ ಸರ್, ಬೇಗ ಕೈ ಎತ್ತುವವನು ಅಂತ ಗೊತ್ತಿದ್ದ ಮೇಲೆ ಅವನ ಮೇಲೆ ಒಂದು ಕಣ್ಣು ಇಡಬೇಕಲ್ವಾ? ಸೋತ ತಕ್ಷಣ ಅವನ ಪಕ್ಕ ಹೋಗಿ ನಿಲ್ಲಬಹುದಿತ್ತು. ಮ್ಯಾಚ್ ಶೀಟ್ ಎಲ್ಲಿಗೂ ಓಡಿ ಹೋಗುತ್ತಿರಲಿಲ್ಲ.

ಪಿ.ಟಿ. ಟೀಚರ್, ಸೋಮವಾರಪೇಟೆ:
ಅಷ್ಟನ್ನು ಒಪ್ಪುತ್ತೇನೆ. ಅದಕ್ಕೆ ಎಚ್ಚರಿಕೆ ಕೊಡಿ. ಒಂದು ವರ್ಷ ಯಾಕೆ?

ರೈಟ್ ಔಟ್ 72:
ಹಳೆಯ ಕಥೆ ಒಂದು ಹೇಳುತ್ತೇನೆ. 1972ರ ಮ್ಯೂನಿಕ್ ಒಲಿಂಪಿಕ್ಸ್ ಹಾಕಿ ಫೈನಲ್. ಪಶ್ಚಿಮ ಜರ್ಮನಿ 1-0ಯಿಂದ ಪಾಕಿಸ್ತಾನವನ್ನು ಸೋಲಿಸಿತು. ಅಂಪೈರಿಂಗ್ ಸರಿ ಇಲ್ಲ ಅಂತ ಪಾಕಿಸ್ತಾನದವರು ರೇಗಿದರು. ಅಂತರರಾಷ್ಟ್ರೀಯ ಫೆಡರೇಷನ್ ಅಧ್ಯಕ್ಷರ ಮೇಲೆ ನೀರು ಎರಚಿದರು. ಪದಕ ಕೊಡುವಾಗ ಜರ್ಮನ್ ಧ್ವಜಕ್ಕೆ ಬೆನ್ನು ತೋರಿಸಿದರು. ಹನ್ನೊಂದು ಆಟಗಾರರಿಗೆ ಆಜೀವ ನಿಷೇಧ ಬಿತ್ತು, ಆಮೇಲೆ ಅದನ್ನು ಸಡಿಲಿಸಿದರು. ಅದೇ ಒಲಿಂಪಿಕ್ಸ್‌ನಲ್ಲಿ ಕಂಚು ನಮ್ಮದು. ನಮ್ಮ ಕೊಡಗಿನ ಎಂ.ಪಿ. ಗಣೇಶ್ ಆ ತಂಡದಲ್ಲಿದ್ದರು. ಮರುವರ್ಷ ವಿಶ್ವಕಪ್‌ನಲ್ಲಿ ಬೆಳ್ಳಿ ತಂದ ತಂಡಕ್ಕೆ ಅವರೇ ನಾಯಕ.

ಆಗ ಲೋಕ ಬೆರಳು ತೋರಿಸಿದ್ದು ಆಟಗಾರರ ಕಡೆಗೆ. ಅವರೆಲ್ಲ ಬೆಳೆದ ಗಂಡಸರು. ದೊಡ್ಡವರ ತಂಡದಲ್ಲಿ ಅದೇ ಸರಿ ಅಂತ ನನ್ನ ಅಭಿಪ್ರಾಯ.

ಹಳೇ ಫುಲ್‌ಬ್ಯಾಕ್:
@ರೈಟ್ ಔಟ್ 72, ಪಾಕಿಸ್ತಾನದ್ದೇ ಇನ್ನೊಂದು ನೆನಪು ಮಾಡಿಕೊಳ್ಳಿ. 2014, ಭುವನೇಶ್ವರ, ಚಾಂಪಿಯನ್ಸ್ ಟ್ರೋಫಿ ಸೆಮಿಫೈನಲ್. ನಮ್ಮನ್ನು 4-3ರಿಂದ ಸೋಲಿಸಿ, ಜರ್ಸಿ ಬಿಚ್ಚಿ ಜನರ ಕಡೆಗೆ ಅಸಹ್ಯ ಸನ್ನೆ ಮಾಡಿದರು. ಕೋಚ್ ಶಹನಾಜ್ ಶೇಖ್ ಬಂದು ಕ್ಷಮೆ ಕೇಳಿದರು. ಅಷ್ಟಕ್ಕೇ ಮುಗಿಸುವ ಹಾಗಿತ್ತು. ನಮ್ಮವರು ಗಲಾಟೆ ಮಾಡಿದ ಮೇಲೆ ಇಬ್ಬರನ್ನು ಫೈನಲ್‌ನಿಂದ ಹೊರಗಿಟ್ಟರು.

ನೋಡಿ, ತಂಡದ ತಪ್ಪಿಗೆ ಕ್ಷಮೆ ಕೇಳುವ ಹಕ್ಕು ಕೋಚ್‌ಗೆ ಇದೆ ಅಂದರೆ ಶಿಕ್ಷೆ ತಗೊಳ್ಳುವ ಹೊಣೆಯೂ ಇದೆ.

ವಿರಾಜಪೇಟೆ ವಕೀಲ:
ನಮ್ಮ ಮನೆಯವರು ಯಾರಿಗಾದರೂ ನೋವು ಮಾಡಿದರೆ ನಾನು ಹೋಗಿ ಕ್ಷಮೆ ಕೇಳುತ್ತೇನೆ. ಅದಕ್ಕೆ ನನ್ನನ್ನು ಜೈಲಿಗೆ ಹಾಕುತ್ತೀರಾ?

ಅಮ್ಮತ್ತಿ ಬೈಕ್:
ನಮ್ಮ ಕೊಡವ ಕೌಟುಂಬಿಕ ಹಾಕಿಯಲ್ಲಿ ಮನೆತನಕ್ಕೊಂದು ತಂಡ ಆಡುತ್ತದಲ್ಲ, ಅಲ್ಲಿ ಕೋಚ್ ಎಲ್ಲಿರುತ್ತಾರೆ? ಅಲ್ಲಿ ಯಾರು ಹೊಣೆ?

ರೈಟ್ ಔಟ್ 72:
ಒಕ್ಕವೇ ಹೊಣೆ, ಅಂದರೆ ಇಡೀ ಮನೆತನ. ಅಲ್ಲಿ ಒಬ್ಬ ಹುಡುಗ ಸ್ಟಿಕ್ ಎತ್ತಿದರೆ ಸೀಟಿಗಿಂತ ಮೊದಲು ಮನೆಯ ಹಿರಿಯರ ಕೂಗು ಕೇಳುತ್ತದೆ. ಹುಡುಗನ ಹೆಸರು ಜನರಿಗೆ ಮರೆತುಹೋಗುತ್ತದೆ, ಮನೆಹೆಸರು ಉಳಿಯುತ್ತದೆ. ಅದು ಎಲ್ಲರಿಗೂ ಗೊತ್ತು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿ ಗಿನ್ನೆಸ್ ದಾಖಲೆ ಆಯಿತು. ಅಷ್ಟು ತಂಡ, ಅಷ್ಟು ಜನ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುತ್ತಾರೆ. ಮಗಳು ಪಕ್ಕದಲ್ಲಿ ಆಡುವಾಗ ಬಾಯಿಗೆ ಬಂದ ಹಾಗೆ ಬೈಯಲು ಯಾರಿಗೆ ಮನಸ್ಸು ಬರುತ್ತದೆ?

ಅಮ್ಮತ್ತಿ ಬೈಕ್:
ಅಲ್ಲೂ ಜಗಳ ಆಗುತ್ತದೆ ಅಂಕಲ್, ನಾನು ನೋಡಿದ್ದೇನೆ. ಆದರೆ ಸಂಜೆಗೇ ಎರಡೂ ಮನೆಯವರು ಒಂದೇ ಕಡೆ ಕೂತು ಊಟ ಮಾಡುತ್ತಾರೆ, ಅದು ನಿಜ. ಅಂದಹಾಗೆ ಮಣ್ಣಿನ ಮೈದಾನದಲ್ಲೇ ಆಟ ಚೆಂದ. ಟರ್ಫ್‌ನಲ್ಲಿ, ಆ ಕೃತಕ ಹುಲ್ಲಿನ ಮೇಲೆ ಆಡಿದವರಿಗೆ ಆ ಬೌನ್ಸ್ ಗೊತ್ತೇ ಇಲ್ಲ.

ಕುಶಾಲನಗರ ಸ್ಪಿನ್ನರ್:
ಟರ್ಫ್ ಇಲ್ಲದೆ ಇವತ್ತು ಯಾವ ಸೆಲೆಕ್ಷನ್ನೂ ಆಗುವುದಿಲ್ಲ. ಕೂಡಿಗೆ, ಪೊನ್ನಂಪೇಟೆ ಮಕ್ಕಳು ಮುಂದೆ ಹೋಗುವುದು ಅದರಿಂದಲೇ.

ಅಮ್ಮತ್ತಿ ಬೈಕ್:
ಗಣೇಶ್, ಸೋಮಯ್ಯ ಕಾಲದಲ್ಲಿ ಯಾವ ಟರ್ಫ್ ಇತ್ತು ಇಲ್ಲಿ? ಸೋಮಯ್ಯ 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದರು.

ಸೀಟಿ ಹಿಡಿದವನು:
ಮಾಸ್ಕೋ ಒಲಿಂಪಿಕ್ಸ್ ಆಡಿದ್ದು ಟರ್ಫ್ ಮೇಲೇ. ಮೈದಾನದ ವಿಷಯ ಬೇರೆ ಕಡೆ ಮಾತಾಡೋಣ, ದಯವಿಟ್ಟು. ಈ ವಿಷಯ ದಾರಿ ತಪ್ಪುವುದು ಬೇಡ.

ಭಾರತದ್ದೇ ಒಂದು ಉದಾಹರಣೆ ಕೊಡುತ್ತೇನೆ. 2019ರ ನವೆಂಬರ್‌ನಲ್ಲಿ ದೆಹಲಿಯ ನೆಹರೂ ಕಪ್ ಫೈನಲ್. ಪಂಜಾಬ್ ಪೊಲೀಸ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ಆಟಗಾರರು ಸ್ಟಿಕ್ ಹಿಡಿದು ಹೊಡೆದಾಡಿಕೊಂಡರು. ಹಾಕಿ ಇಂಡಿಯಾ ಆಟಗಾರರನ್ನು ಸಸ್ಪೆಂಡ್ ಮಾಡಿತು, ತಂಡದ ಮ್ಯಾನೇಜರ್‌ಗಳನ್ನೂ ಬಿಡಲಿಲ್ಲ. ಆದರೆ ಅದಕ್ಕೆ ಮೊದಲು ವಿಡಿಯೊ ನೋಡಿದರು, ವಿಚಾರಣೆ ನಡೆಸಿದರು. ಗೋಣಿಕೊಪ್ಪಲಿನವರ ದೂರಿನಲ್ಲಿ ನನಗೆ ಬೇಸರ ತಂದಿದ್ದು ವಿಚಾರಣೆಯೇ ಆಗಲಿಲ್ಲ ಅನ್ನುವುದು. ಕೋಚ್ ತಪ್ಪಿತಸ್ಥರೇ ಇರಬಹುದು. ಆದರೂ ಕರೆದು ಕೇಳಬೇಕು.

ಕಾಫಿ ಹೂವು:
ಅಪ್ಪ ಅಮ್ಮಂದಿರ ಬಗ್ಗೆ ಯಾರೂ ಮಾತಾಡುತ್ತಿಲ್ಲ ಯಾಕೆ? ಭಾನುವಾರ ಯಾವುದಾದರೂ ಮಕ್ಕಳ ಮ್ಯಾಚ್‌ಗೆ ಹೋಗಿ ಬೇಲಿ ಪಕ್ಕ ಹತ್ತು ನಿಮಿಷ ನಿಲ್ಲಿ. ಅಂಪೈರ್‌ಗೆ ಬೈಯುವವರು ಯಾರು? ಎದುರು ತಂಡದ ಮಗು ಬಿದ್ದರೆ ಚಪ್ಪಾಳೆ ಹೊಡೆಯುವವರು ಯಾರು? ಅದನ್ನೆಲ್ಲ ಕೇಳುತ್ತಾ ಆಡುವ ಮಗು ಕೋಚ್ ಹೇಳಿದ ಶಿಸ್ತಿನ ಮಾತನ್ನು ಎಷ್ಟು ನೆನಪಿಟ್ಟುಕೊಳ್ಳುತ್ತದೆ?

ಸೀಟಿ ಹಿಡಿದವನು:
ಇದಕ್ಕೆ ನಾನೇ ಸಾಕ್ಷಿ. ಜಾಸ್ತಿ ಹೇಳುವುದಿಲ್ಲ.

ಷಟಲ್ ಅಕ್ಕ:
2012ರ ಲಂಡನ್ ಒಲಿಂಪಿಕ್ಸ್ ನೆನಪಿದೆಯಾ? ಬ್ಯಾಡ್ಮಿಂಟನ್ ಮಹಿಳಾ ಡಬಲ್ಸ್‌ನಲ್ಲಿ ಚೀನಾದ ಒಂದು ಜೋಡಿ, ಕೊರಿಯಾದ ಎರಡು, ಇಂಡೊನೇಷ್ಯಾದ ಒಂದು ಜೋಡಿ ಬೇಕಂತಲೇ ಸೋಲಲು ನೋಡಿದವು. ಮುಂದಿನ ಸುತ್ತಿನಲ್ಲಿ ಸುಲಭದ ಎದುರಾಳಿ ಸಿಗಲಿ ಅಂತ. ಎಂಟು ಜನರನ್ನೂ ಮನೆಗೆ ಕಳಿಸಿದರು. ಚೀನಾದ ಹೆಡ್ ಕೋಚ್ ಲಿ ಯೊಂಗ್‌ಬೊ ಎಲ್ಲರ ಮುಂದೆ ಕ್ಷಮೆ ಕೇಳಿದರು.

ಅದೇ ಒಲಿಂಪಿಕ್ಸ್‌ನಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಪಾಯಿಂಟ್ ಲೆಕ್ಕದಲ್ಲಿ ಹಿಂದೆ ಬಿದ್ದು ಕ್ವಾರ್ಟರ್ ಫೈನಲ್ ಕಳೆದುಕೊಂಡರು. ಅವರ ಗುಂಪಿನಲ್ಲಿ ಜಪಾನ್ ಜೋಡಿ ತೈವಾನ್‌ಗೆ ಸೋತ ಬಗ್ಗೆ ಭಾರತ ದೂರು ಕೊಟ್ಟಿತು, ಅದನ್ನು ಒಪ್ಪಲಿಲ್ಲ. ನನಗೆ ಅವತ್ತು ಅನಿಸಿದ್ದು, ಒಲಿಂಪಿಕ್ಸ್‌ನಲ್ಲಿ ಯಾವ ಜೋಡಿಯೂ ತಮ್ಮಷ್ಟಕ್ಕೆ ತಾವೇ ಸೋಲಲು ನಿರ್ಧಾರ ಮಾಡುವುದಿಲ್ಲ. ಲೆಕ್ಕ ಹಾಕುವವರು ಬೆಂಚಿನಲ್ಲಿ ಇರುತ್ತಾರೆ. ಹೀಗಾಗಿ ಮೋಸದ ವಿಷಯದಲ್ಲಿ ಕೋಚ್ ಹೊಣೆ ಜಾಸ್ತಿ. ಸಿಟ್ಟಿನಲ್ಲಿ ಆದ ತಪ್ಪಿಗೆ ಕಡಿಮೆ. ಎರಡನ್ನೂ ಒಂದೇ ಮಾಡಬೇಡಿ.

ವಿರಾಜಪೇಟೆ ವಕೀಲ:
@ಷಟಲ್ ಅಕ್ಕ, ನೀವು ಮಾಡಿದ ವಿಂಗಡಣೆ ತುಂಬಾ ಸರಿ. ಡೋಪಿಂಗ್‌ನಲ್ಲೂ, ಅಂದರೆ ನಿಷೇಧಿತ ಮದ್ದು ತಗೊಳ್ಳುವ ವಿಷಯದಲ್ಲೂ ಹಾಗೇ ಇದೆ. ಮೈಯಲ್ಲಿ ಏನು ಸಿಕ್ಕಿದರೂ ಹೊಣೆ ಆಟಗಾರನದ್ದು, ಗೊತ್ತಿರಲಿಲ್ಲ ಅಂದರೆ ಬಿಡುವುದಿಲ್ಲ. ಆದರೆ ಸಿಕ್ಕಿಬಿದ್ದವರು ಮಕ್ಕಳಾದರೆ ಅವರ ಕೋಚ್, ಡಾಕ್ಟರ್ ಬಗ್ಗೆಯೂ ತನಿಖೆ ಆಗಲೇಬೇಕು ಅಂತ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮ ಹೇಳುತ್ತದೆ. 2011ರಲ್ಲಿ ನಮ್ಮ ಮಹಿಳಾ ರಿಲೇ ಓಟಗಾರ್ತಿಯರು ಸಿಕ್ಕಿಬಿದ್ದಾಗ ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್‌ರನ್ನು ಕೆಲಸದಿಂದ ತೆಗೆದರು. ಕೋಚ್ ಕೊಟ್ಟ ಜಿನ್ಸೆಂಗ್ ಅನ್ನುವ ಬೇರಿನ ಔಷಧಿ ತಿಂದೆವು ಅಂತ ಹುಡುಗಿಯರು ಹೇಳಿದರು. ಆದರೂ ಅವರಿಗೆ ನಿಷೇಧ ತಪ್ಪಲಿಲ್ಲ. ಕೋಚ್ ಹೋದ ಮಾತ್ರಕ್ಕೆ ಆಟಗಾರನ ಹೊಣೆ ಕಡಿಮೆ ಆಗುವುದಿಲ್ಲ.

ಪಾಲಿಬೆಟ್ಟದ ಚಿಕ್ಕಮ್ಮ:
ಇಷ್ಟು ಹೊತ್ತು ಓದುತ್ತಿದ್ದೆ. ಪೆಟ್ಟು ತಿಂದ ಹುಡುಗ ನನ್ನ ಅಕ್ಕನ ಮಗ.

ಅವನ ಮೊಣಕಾಲಿನ ಊತ ಇಳಿದಿದೆ, ಮೂಳೆಗೆ ಏನೂ ಆಗಿಲ್ಲ. ನಡೆಯುತ್ತಾನೆ. ಮೈದಾನಕ್ಕೆ ಹೋಗಲು ಮಾತ್ರ ಒಪ್ಪುತ್ತಿಲ್ಲ.

ನಿಮ್ಮ ಕೋಚ್ ಅವತ್ತು ಸಂಜೆ ಆಸ್ಪತ್ರೆಗೆ ಬಂದಿದ್ದರು. ಅಕ್ಕನ ಹತ್ತಿರ ಮಾತಾಡಿದರು, ಹುಡುಗನ ಪಕ್ಕ ಕೂತರು. ಸಂಘಟಕರು ಯಾರೂ ಬರಲಿಲ್ಲ, ಫೋನೂ ಮಾಡಲಿಲ್ಲ. ಹೀಗಾಗಿ ಕೋಚ್ ಮೇಲೆ ನಮಗೆ ದ್ವೇಷ ಇಲ್ಲ.

ಆದರೆ ನಾನು ಕ್ವಾರ್ಟರ್ ಫೈನಲ್ ಕೂಡ ನೋಡಿದ್ದೆ. ಅವತ್ತೂ ಅದೇ ಹುಡುಗ ಸ್ಟಿಕ್ ಬೀಸಿ ಹಳದಿ ಕಾರ್ಡ್ ತಗೊಂಡ. ಹೊರಗೆ ಬಂದಾಗ ಕೋಚ್ ಅವನ ಬೆನ್ನು ತಟ್ಟಿದರು. ಬೈಯಲಿಲ್ಲ, ಕೂರಿಸಿ ಮಾತಾಡಲಿಲ್ಲ. ಐದು ನಿಮಿಷ ಮುಗಿದ ಕೂಡಲೇ ಒಳಗೆ ಕಳಿಸಿದರು. ಸೆಮಿಫೈನಲ್‌ಗೂ ಇಳಿಸಿದರು. ಅದನ್ನು ಇಲ್ಲಿ ಯಾರೂ ಹೇಳಲಿಲ್ಲ.

ಹಳೇ ಫುಲ್‌ಬ್ಯಾಕ್:
ಸಿಕ್ಕಿತಲ್ಲ ಸಾಕ್ಷಿ, ವಕೀಲರೇ.

ಗೋಣಿಕೊಪ್ಪಲಿನ ತಂದೆ:
ಚಿಕ್ಕಮ್ಮನವರೇ, ಮಗು ನಡೆಯುತ್ತಿದ್ದಾನೆ ಅಂತ ಕೇಳಿ ಸಮಾಧಾನ ಆಯಿತು. ಆ ಹಳದಿ ಕಾರ್ಡ್ ನನಗೆ ಗೊತ್ತು. ಅದು ಚೆಂಡಿಗೆ ಹೋದ ಟ್ಯಾಕ್ಲ್, ತಡವಾಯಿತು. ಬೀಸಿದ್ದಲ್ಲ. ಬೆನ್ನು ತಟ್ಟಿದ್ದು ಸಮಾಧಾನ ಮಾಡಲು ಇರಬಹುದು ಅಲ್ವಾ? ಸಿಟ್ಟಿನಲ್ಲಿರುವ ಹುಡುಗನಿಗೆ ಬೈದರೆ ಇನ್ನೂ ಕೆರಳುತ್ತಾನೆ.

ಪಾಲಿಬೆಟ್ಟದ ಚಿಕ್ಕಮ್ಮ:
ಇರಬಹುದು. ಆದರೆ ಹುಡುಗನಿಗೆ ಏನು ಅರ್ಥ ಆಯಿತು? ಸಮಾಧಾನ ಮಾಡುತ್ತಿದ್ದಾರೆ ಅಂತಲಾ, ಭೇಷ್ ಅನ್ನುತ್ತಿದ್ದಾರೆ ಅಂತಲಾ?

ಹಾಸ್ಟೆಲ್ ಹುಡುಗಿ:
ಚಿಕ್ಕಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ಆ ವಯಸ್ಸಿನಲ್ಲಿ ಬೆನ್ನು ತಟ್ಟಿದರೆ ಭೇಷ್ ಅಂತಲೇ ಅರ್ಥ ಆಗುತ್ತದೆ. ನಮಗೆ ಆಗುತ್ತಿತ್ತು.

ಪಿ.ಟಿ. ಟೀಚರ್, ಸೋಮವಾರಪೇಟೆ:
ಚಿಕ್ಕಮ್ಮನವರ ಮಾತು ಓದಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ಕೈ ಕುಲುಕುವಾಗ ಆದ ಹೊಡೆತಕ್ಕೆ ಕೋಚ್‌ಗೆ ಶಿಕ್ಷೆ ಬೇಡ. ಹಳದಿ ಕಾರ್ಡ್ ಆದ ಮೇಲೂ ಏನೂ ಮಾಡದೆ ಇದ್ದದ್ದಕ್ಕೆ ಬೇಕಾದರೆ ಕೊಡಿ, ಒಂದೆರಡು ಮ್ಯಾಚ್ ಬೆಂಚಿಗೆ ಬರಬೇಡಿ ಅನ್ನಿ. ಆದರೆ ಬೆಳಗಿನ ಪ್ರಾಕ್ಟೀಸ್ ಮಾಡಿಸಲು ಬಿಡಿ. ಮ್ಯಾಚ್‌ಗೆ ಬರುವುದನ್ನು ತಡೆಯುವುದೂ ಕಲಿಸುವುದನ್ನು ತಡೆಯುವುದೂ ಒಂದೇ ಅಲ್ಲ. ಮಕ್ಕಳಿಗೆ ಸಿಗುವ ಕೋಚ್‌ಗಳೇ ಕಡಿಮೆ ನಮ್ಮಲ್ಲಿ.

ಮಡಿಕೇರಿ ಮಂಜು:
ಇದು ಒಪ್ಪುವಂಥದ್ದು. ಮತ್ತೆ ಆ ಹುಡುಗ? ಒಂದು ವರ್ಷ ಹೊರಗೆ ಕೂತರೆ ಅವನ ಜೊತೆ ಯಾರು ಮಾತಾಡುತ್ತಾರೆ? ಕೋಚ್‌ಗೂ ನಿಷೇಧ, ಅವನಿಗೂ ನಿಷೇಧ. ಅವನನ್ನು ತಿದ್ದಬಹುದಾದ ಒಬ್ಬರನ್ನೂ ದೂರ ಮಾಡಿದ ಹಾಗಾಯಿತು.

ವಿರಾಜಪೇಟೆ ವಕೀಲ:
ಗೋಣಿಕೊಪ್ಪಲಿನವರೇ, ಕೆಲಸದ ಮಾತು. ಟೂರ್ನಮೆಂಟ್‌ಗೆ ಹೆಸರು ಕೊಡುವಾಗ ಅಚ್ಚು ಹಾಕಿಸಿದ ನಿಯಮದ ಹಾಳೆ ಕೊಟ್ಟಿರುತ್ತಾರೆ, ಅದನ್ನು ಹುಡುಕಿ. ಕೋಚ್‌ಗೆ ಶಿಕ್ಷೆ ಕೊಡಬಹುದು ಅಂತ ಅದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಯಾವ ನಿಯಮದ ಕೆಳಗೆ ಕೊಟ್ಟಿರಿ ಅಂತ ಬರೆದು ಕೇಳಿ. ಕೋಚ್ ಮಾತು ಕೇಳದೆ ತೀರ್ಮಾನ ಮಾಡಿದ್ದನ್ನೂ ಬರೆಯಿರಿ. ಪತ್ರ ಕೋಚ್ ಹೆಸರಿನಲ್ಲೇ ಹೋಗಲಿ, ಪೋಷಕರು ಬೇರೆ ಪತ್ರ ಕೊಡಿ. ಹಳದಿ ಕಾರ್ಡ್ ವಿಷಯ ಮುಚ್ಚಿಡಬೇಡಿ. ಮ್ಯಾಚ್ ಶೀಟ್‌ನಲ್ಲಿ ಅದು ದಾಖಲಾಗಿರುತ್ತದೆ.

ಗೋಣಿಕೊಪ್ಪಲಿನ ತಂದೆ:
ಹಾಳೆ ಸಿಕ್ಕಿತು. "ಆಟಗಾರರ ದುರ್ವರ್ತನೆಗೆ ಶಿಸ್ತು ಸಮಿತಿ ಕ್ರಮ ತೆಗೆದುಕೊಳ್ಳುತ್ತದೆ" ಅಂತ ಮಾತ್ರ ಇದೆ. ಕೋಚ್ ಅನ್ನುವ ಪದ ಇಲ್ಲ. ಪತ್ರ ಬರೆಯುತ್ತೇವೆ. ಚಿಕ್ಕಮ್ಮನವರೇ, ನೀವು ಒಪ್ಪಿದರೆ ಕೋಚ್ ಆಸ್ಪತ್ರೆಗೆ ಬಂದ ವಿಷಯವನ್ನೂ ಸೇರಿಸುತ್ತೇನೆ.

ಪಾಲಿಬೆಟ್ಟದ ಚಿಕ್ಕಮ್ಮ:
ಸೇರಿಸಿ. ಬೆನ್ನು ತಟ್ಟಿದ್ದನ್ನೂ ಸೇರಿಸಿ. ಹೊಡೆದ ಹುಡುಗ ಒಂದು ಸಲ ನಮ್ಮ ಮನೆಗೆ ಬರಲಿ. ಯಾರೂ ಬೈಯುವುದಿಲ್ಲ. ಇವನು ಮತ್ತೆ ಸ್ಟಿಕ್ ಹಿಡಿಯಲು ಅದರಿಂದ ಸಹಾಯ ಆಗಬಹುದು ಅಂತ ಅಕ್ಕ ಹೇಳುತ್ತಿದ್ದಾಳೆ.

ಗೋಣಿಕೊಪ್ಪಲಿನ ತಂದೆ:
ಅವನ ಅಪ್ಪನ ಹತ್ತಿರ ಇವತ್ತೇ ಮಾತಾಡುತ್ತೇನೆ.

ಹಳೇ ಫುಲ್‌ಬ್ಯಾಕ್:
ತೀರ್ಪು ಬರುವ ತನಕ ಬೆಳಗಿನ ಪ್ರಾಕ್ಟೀಸ್ ನಾನು ನೋಡಿಕೊಳ್ಳುತ್ತೇನೆ, ಗೋಣಿಕೊಪ್ಪಲು ನನಗೆ ದೂರ ಇಲ್ಲ. ಮಕ್ಕಳು ಮನೆಯಲ್ಲಿ ಕೂರುವುದು ಬೇಡ. ಆದರೆ ನನ್ನ ಮಾತು ಬದಲಾಗಿಲ್ಲ. ಹಳದಿ ಕಾರ್ಡ್ ಬಿದ್ದ ಹುಡುಗನನ್ನು ಏನೂ ಹೇಳದೆ ಒಳಗೆ ಕಳಿಸಿದ ಕೋಚ್ ಉತ್ತರ ಕೊಡಲೇಬೇಕು. ಸಮಿತಿ ಮುಂದೆ ಕರೆದರೆ ಅದನ್ನೇ ಹೇಳುತ್ತೇನೆ.

ಕಾಫಿ ಹೂವು:
ಹೇಳಿ ಅಣ್ಣ. ಕೋಚ್ ಏನು ಹೇಳುತ್ತಾರೆ ಅಂತಲೂ ಕೂತು ಕೇಳಿ.

ಸೀಟಿ ಹಿಡಿದವನು:
@ಹಳೇ ಫುಲ್‌ಬ್ಯಾಕ್, ಶನಿವಾರ ನಾನೂ ಬರುತ್ತೇನೆ. ಮಕ್ಕಳಿಗೆ ಕಾರ್ಡ್ ನಿಯಮ ಒಂದು ಗಂಟೆ ಹೇಳಿಕೊಡೋಣ. ಬೇಲಿ ಪಕ್ಕ ನಿಲ್ಲುವ ಪೋಷಕರೂ ಬರಲಿ. ಗೋಲ್‌ಕೀಪರ್ ಕಿಟ್ ಯಾರ ಮನೆಯಲ್ಲಿದೆ?

ಗೋಣಿಕೊಪ್ಪಲಿನ ತಂದೆ:
ಕಿಟ್ ಕೋಚ್ ಮನೆಯಲ್ಲೇ ಇದೆ. ತರುತ್ತೇನೆ. ಆರೂವರೆಗೆ ಶುರು ಮಾಡೋಣ, ಪಾಲಿಬೆಟ್ಟದ ಹುಡುಗನೂ ಬರುವುದಾದರೆ ಕರೆದುಕೊಂಡು ಬರಲು ನನ್ನ ಜೀಪ್ ಇದೆ.